ಒಡ್ಡು ಒಡೆದರೆ ಯಾರ ಮನೆಗೆ ನೀರು

ಹುಣಸೆಮರದ ಬುಡದಲ್ಲಿದ್ದ ಗೂಡಿನ ಇರುವೆಗಳು ದುಡಿದು ತಂದ ಕಾಳಿನಲ್ಲಿ ಒಂದು ಪಾಲನ್ನು ಕಣಜಕ್ಕೆ ಹಾಕಲೇಬೇಕಿತ್ತು. ಆ ಕಾಳನ್ನು ಕೂಲಿಗೆ ಕೊಟ್ಟು ಗೂಡಿನ ಸುತ್ತ ಒಡ್ಡು ಕಟ್ಟಿಸಿ ಮಳೆನೀರು ತಡೆಯುವುದು ಕಣಜದ ಯಜಮಾನನ ಕೆಲಸ. ಈ ಸಲ ಆ ಯಜಮಾನಿಕೆಗೆ ಅಳಿಲೂ ಇಲಿಯೂ ನಿಂತವು. ಎರಡೂ ಕೈ ಮುಗಿದದ್ದೇ ಮುಗಿದದ್ದು.

"ನನ್ನನ್ನು ಆರಿಸಿ, ನೀವು ಕೊಡುವ ಪಾಲನ್ನು ಅರ್ಧಕ್ಕೆ ಇಳಿಸುತ್ತೇನೆ" ಎಂದಿತು ಅಳಿಲು.

"ಪಾಲು ಅಷ್ಟೇ ಇರಲಿ, ನಾನು ಒಡ್ಡನ್ನು ಇನ್ನೂ ಎತ್ತರಿಸುತ್ತೇನೆ" ಎಂದಿತು ಇಲಿ.

ಎದುರಾದವರ ಬಾಯಿ ಮೂಸದೆ ಇರುವೆಗಳು ಯಾರನ್ನೂ ನಂಬುವುದಿಲ್ಲ. ಮುದಿ ಇರುವೆಯೊಂದು ಎರಡರ ಬಾಯಿಯನ್ನೂ ಮೂಸಿ ಬಂದು ತನ್ನವರಿಗೆ ಹೇಳಿತು: "ಎರಡರಲ್ಲೂ ನಮ್ಮ ಕಣಜದ ರಾಗಿಯದೇ ವಾಸನೆ. ಮಾತಿಗೆ ಮರುಳಾಗಬೇಡಿ, ಮನೆ ಎಲ್ಲಿದೆ ನೋಡಿ. ಒಡ್ಡು ಒಡೆದರೆ ಅಳಿಲು ಮರದ ಮೇಲೆ ಬೆಚ್ಚಗೆ ಕೂರುತ್ತದೆ. ಇಲಿಯ ಬಿಲ ನಮ್ಮ ಪಕ್ಕದಲ್ಲೇ ಇದೆ, ನಾವು ಮುಳುಗಿದರೆ ಅದೂ ಮುಳುಗುತ್ತದೆ. ತಿಂದರೂ ಒಡ್ಡು ಕಟ್ಟಿಯೇ ತಿನ್ನುತ್ತದೆ."

ಎಲ್ಲರಿಗೂ ಸರಿಯೆನಿಸಿತು. ಇಲಿ ಗೆದ್ದಿತು.

ಮರುದಿನ ಬೆಳಗ್ಗೆಯೇ ಇಲಿ ಮೊದಲ ಅಪ್ಪಣೆ ಕೊಟ್ಟಿತು: "ಈ ವಾರದ ಪಾಲಿನಲ್ಲಿ ಮರದ ಮೇಲಿನ ಪೊಟರೆಯಲ್ಲಿ ನನಗೆ ಹತ್ತಿಯ ಹಾಸಿಗೆ ಹಾಸಿಸಿ. ಯಜಮಾನನಾದವನು ಎತ್ತರದಲ್ಲಿದ್ದರೆ ನಿಮ್ಮ ಕಷ್ಟ ಚೆನ್ನಾಗಿ ಕಾಣುತ್ತದೆ."

ಮುದಿ ಇರುವೆ ಬಾಯಿ ತೆರೆಯುವಷ್ಟರಲ್ಲಿ ಇಲಿ ಸರಸರನೆ ಮರ ಹತ್ತಿಬಿಟ್ಟಿತ್ತು. ಪೊಟರೆಯಲ್ಲಿದ್ದ ಅಳಿಲು ಬಾಲ ಸರಿಸಿ ಜಾಗ ಮಾಡಿಕೊಟ್ಟಿತು.

"ಬೇಗ ಬಾರಯ್ಯ, ಮೋಡ ಕಟ್ಟಿದೆ" ಎಂದಿತು.