ಟಾಂಗಾದವನು ಪೆಟ್ಟಿಗೆಗೆ ಕೊಟ್ಟ ವಿಶ್ರಾಂತಿ

"ಬುದ್ಧಿ, ಹೊರೆಯೆಲ್ಲ ಇಳಿಸಿದವನಿಗೆ ತಾನೇ ಮನಸ್ಸು ತಿಳಿಯಾಗುವುದು?"

ಕೇಳಿದವನು ಶಿಷ್ಯ ಮರಿದೇವ. ಮಠದ ಹುಡುಗರಿಗೆ ಹಾಡು ಕಲಿಸುವುದು, ಬಂದವರ ಕಷ್ಟ ಸುಖ ವಿಚಾರಿಸುವುದು ಅವನ ಪಾಲಿನ ಕೆಲಸ. ಅದು ಅವನಿಗೆ ಸಾಕಾಗಿತ್ತು. ಬೆಟ್ಟದ ಗವಿಯಲ್ಲಿ ಒಬ್ಬನೇ ಇರಬೇಕೆಂದು ಗಂಟು ಕಟ್ಟಿಕೊಂಡಿದ್ದ. ಗುರುಗಳ ಅಪ್ಪಣೆಯೊಂದು ಬಾಕಿಯಿತ್ತು.

"ಗವಿಯಲ್ಲಿ ಏನು ಮಾಡುತ್ತೀಯೆ?" ಎಂದರು ಗುರುಗಳು.

"ಇಲ್ಲಿ ಮಾಡುವುದನ್ನೇ, ಬುದ್ಧಿ. ಓದುತ್ತೇನೆ, ಹಾಡುತ್ತೇನೆ. ಈ ಕೇಳುವವರ ಕಾಟ ಒಂದು ಇರುವುದಿಲ್ಲ."

ಗುರುಗಳು ನಕ್ಕರು. "ಹಾಡನ್ನು ದೊಡ್ಡದು ಮಾಡುವ ಪೆಟ್ಟಿಗೆ ಇತ್ತಲ್ಲ, ಗಾಜಿನ ಬುರುಡೆಗಳು ಕೆಂಪಗೆ ಉರಿಯುತ್ತಿದ್ದವು. ಅದಕ್ಕೇನೋ ಹೆಸರು... ಆಂಪ್ಲಿ... ಆಂಪ್ಲಿ..."

"ಆಂಪ್ಲಿಫೈಯರ್, ಬುದ್ಧಿ. ಆ ಬುರುಡೆಗೆ ವಾಲ್ವ್ ಅನ್ನುತ್ತಾರೆ."

"ಅದೇ. ಪೆಟ್ಟಿಗೆಗಿಂತ ಹೆಸರೇ ಉದ್ದ. ಗಂಟು ಆ ಕಡೆ ಇಡು. ಕೇಳು."

ಒಂದು ಕೇರಿಯಲ್ಲಿ ಒಬ್ಬ ಟಾಂಗಾದವನಿದ್ದ. ಅದೇ ಕೇರಿಯಲ್ಲಿ ಒಬ್ಬ ಹೂವಿನವಳಿದ್ದಳು. ಬೀದಿ ಬೀದಿ ಹೂವು ಕೂಗಿ ಅವಳ ಗಂಟಲು ಒಡೆದುಹೋಗಿತ್ತು. ಮಗಳ ಮದುವೆ ಗೊತ್ತಾಯಿತು. ಹಸೆಯ ಮೇಲೆ ಕೂತ ಮಗಳಿಗೆ ತಾನೇ ಹಾಡಬೇಕೆಂದು ಅವಳ ಆಸೆ. ಪಕ್ಕದಲ್ಲಿ ಕೂತವರಿಗೂ ಕೇಳದ ದನಿ ಅವಳದು. ಟಾಂಗಾದವನು ಮಾತು ಕೊಟ್ಟ. "ನೀನು ಹಾಡಕ್ಕಾ. ಕೇರಿಯ ಕೊನೇ ಮನೆಗೆ ಕೇಳಿಸೋದು ನನ್ನ ಜವಾಬ್ದಾರಿ."

ಅವನಿಗೆ ರೇಡಿಯೊ ಬಿಚ್ಚುವ ಹುಚ್ಚಿತ್ತು. ಗುಜರಿಯಿಂದ ವಾಲ್ವ್‌ಗಳನ್ನು ತಂದ. ಎಣ್ಣೆಯ ತಗಡಿನ ಡಬ್ಬ ಕತ್ತರಿಸಿ ಪೆಟ್ಟಿಗೆ ಮಾಡಿದ. ಒಂದು ಬೆಸುಗೆ ಹಾಕುವುದು, ಒಮ್ಮೆ ಹಚ್ಚಿ ನೋಡುವುದು. ಹಚ್ಚಿದ ಪೆಟ್ಟಿಗೆಯನ್ನು ಪರೀಕ್ಷಿಸುವಾಗ ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದ. ಎರಡೂ ಕೈ ತಗುಲಿದರೆ ವಿದ್ಯುತ್ತು ಎದೆಯ ಮೂಲಕ ಹಾಯುತ್ತದೆ. ಮೊದಮೊದಲು ಪೆಟ್ಟಿಗೆ ದುಂಬಿಯಂತೆ ಗುಂಯ್ ಎಂದಿತು. ತಂತಿಗಳನ್ನು ಅತ್ತಿತ್ತ ಸರಿಸಿದ ಮೇಲೆ ಸುಮ್ಮನಾಯಿತು.

ಕೊನೆಗೆ ಸ್ಪೀಕರನ್ನು ಜಗಲಿಯ ಮೇಲಿಟ್ಟು, ಮೈಕ್ ಹಿಡಿದು ನಿಂತ. ಏನು ಹೇಳಬೇಕೆಂದು ತೋಚಲಿಲ್ಲ. ಪಕ್ಕದಲ್ಲಿದ್ದ ಕುದುರೆ ಕೆನೆಯಿತು. ಕೇರಿಗೆ ಕೇರಿಯೇ ಬಾಗಿಲಿಗೆ ಓಡಿಬಂತು. ನಿಜ ತಿಳಿದು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕುದುರೆ ಮಾತ್ರ ಎದುರಿಗೆ ಇನ್ನೊಂದು ದೊಡ್ಡ ಕುದುರೆ ಇದೆಯೆಂದು ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿತ್ತು.

ಮದುವೆಯ ದಿನ ಬೆಳಗಿನಿಂದ ಪೆಟ್ಟಿಗೆ ಚೆನ್ನಾಗಿ ಕೆಲಸ ಮಾಡಿತು. ವಾಲಗ ಕೇರಿಯ ಕೊನೆಗೂ ಮುಟ್ಟಿತು. ಹಸೆಯ ಹಾಡು ಸಂಜೆಗೆ. ಮಧ್ಯಾಹ್ನ ಟಾಂಗಾದವನು ಪೆಟ್ಟಿಗೆ ಮುಟ್ಟಿ ನೋಡಿದ. ಕೈ ಸುಟ್ಟಿತು. ಅವನಿಗೆ ಮರುಕ ಬಂತು. ಪದೇ ಪದೇ ಆರಿಸಿ ಹಚ್ಚಿದರೆ ವಾಲ್ವ್ ಬಾಳಿಕೆ ಬರುವುದಿಲ್ಲವೆಂದು ಯಾರೋ ಹೇಳಿದ್ದರು. ಅದಕ್ಕೆ ಆರಿಸಲಿಲ್ಲ. ದಿನವೂ ಮಧ್ಯಾಹ್ನ ಕುದುರೆಯಿಂದ ಗಾಡಿ ಕಳಚುತ್ತಿದ್ದವನು, ಹಾಗೆಯೇ ಪೆಟ್ಟಿಗೆಯಿಂದ ಸ್ಪೀಕರಿನ ತಂತಿ ಕಳಚಿದ. ಮೈಕ್ ಇದ್ದಲ್ಲೇ ಇತ್ತು. ಅದರ ಮುಂದೆ ವಾಲಗದವರು ಉತ್ಸಾಹದಿಂದ ಊದುತ್ತಿದ್ದರು.

ಸ್ಪೀಕರ್ ಇಲ್ಲದಿದ್ದರೂ ಪೆಟ್ಟಿಗೆಯ ಒಳಗಿನಿಂದ ಸಣ್ಣಗೆ, ಸೊಳ್ಳೆಯ ದನಿಯಲ್ಲಿ, ಅದೇ ವಾಲಗ ಕೇಳಿಸಿತು. ದಣಿದದ್ದು ನಿದ್ದೆಯಲ್ಲಿ ಗುನುಗುತ್ತಿದೆ ಎಂದುಕೊಂಡು ಟಾಂಗಾದವನು ಸಂತೋಷವಾಗಿ ಊಟಕ್ಕೆ ಹೋದ.

ಪಾಯಸ ಬಡಿಸುವ ಹೊತ್ತಿಗೆ ಚಟ್ ಎಂದಿತು. ಸುಟ್ಟ ವಾಸನೆ ಚಪ್ಪರಕ್ಕೆಲ್ಲ ಹಬ್ಬಿತು. ಓಡಿಬಂದು ನೋಡಿದರೆ ಪೆಟ್ಟಿಗೆಯಿಂದ ಹೊಗೆ. ಹೂವಿನವಳು ಕಂಬ ಹಿಡಿದು ನಿಂತಳು. ಕೊಟ್ಟ ಮಾತು ಟಾಂಗಾದವನನ್ನು ಚುಚ್ಚಿತು.

ಊಟಕ್ಕೆ ಬಂದಿದ್ದ ರೇಡಿಯೊ ರಿಪೇರಿಯವನು ಎಂಜಲು ಕೈಯಲ್ಲೇ ಬಗ್ಗಿ ನೋಡಿದ.

"ಸ್ಪೀಕರ್ ತಂತಿ ಯಾರು ಕಿತ್ತಿದ್ದು?"

"ನಾನೇ ಅಣ್ಣಾ. ಬಿಸಿಯಾಗಿತ್ತು ಪಾಪ. ಸ್ವಲ್ಪ ಹೊರೆ ಇಳಿಸಿದೆ."

"ಹುಲ್ಲು ಹಾಕಲಿಲ್ಲವಲ್ಲ, ಸದ್ಯ! ಅಲ್ಲಯ್ಯ, ಗಾಡಿ ಬಿಚ್ಚಿದರೆ ಕುದುರೆ ಓಡೋದು ನಿಲ್ಲಿಸುತ್ತೆ. ಇದು ಎಲ್ಲಿ ನಿಲ್ಲಿಸಿತು? ವಾಲಗ ಒಳಗೆ ಬರ್ತಾನೇ ಇತ್ತು, ಹೊರಗೆ ಹೋಗೋಕೆ ದಾರಿ ಇಲ್ಲ. ಒಳಗೊಳಗೇ ಜೋರು ಏರಿ ಟ್ರಾನ್ಸ್‌ಫಾರ್ಮರಿನ ಸುರುಳಿ ಸುಟ್ಟಿದೆ. ಬೇರೆ ಎಲ್ಲ ಗಟ್ಟಿಯಾಗಿದೆ."

ಮದುವೆಯ ಮನೆಯಲ್ಲಿ ಟ್ರಾನ್ಸ್‌ಫಾರ್ಮರ್ ಎಲ್ಲಿಂದ ತರುವುದು? ಆಗ ಕೇರಿಯ ಕ್ಷೌರಿಕ ಎಲೆಯ ಮುಂದಿನಿಂದ ಎದ್ದ. "ನನ್ನ ಅಂಗಡಿ ರೇಡಿಯೊದಲ್ಲಿ ಅಂಥಾದ್ದೊಂದು ಇರಬೇಕಲ್ಲ, ಕಿತ್ಕೊಳ್ಳಿ. ಗಿರಾಕಿಗಳು ನಾಲ್ಕು ದಿನ ನನ್ನ ಮಾತನ್ನೇ ಕೇಳಲಿ."

"ಆ ಶಿಕ್ಷೆ ಅವರಿಗೆ ಯಾಕಯ್ಯ?" ಎಂದರು ಯಾರೋ. ಚಪ್ಪರ ಮತ್ತೆ ನಗತೊಡಗಿತು.

ರಿಪೇರಿಯವನು ಕೈ ತೊಳೆದು ಕೂತ. ಟಾಂಗಾದವನು ಬೆಸುಗೆಯ ಕಡ್ಡಿ ಕಾಯಿಸಿ ಕೊಟ್ಟ. ಹಸೆಗೆ ಅಕ್ಕಿ ಹರಡುವ ಹೊತ್ತಿಗೆ ವಾಲ್ವ್‌ಗಳು ಮತ್ತೆ ಕೆಂಪಾದವು.

ಹೂವಿನವಳು ಮೈಕಿನ ಮುಂದೆ ಕೂತಳು. ಮೊದಲ ಸಾಲು ನಡುಗಿತು. ಎರಡನೆಯ ಸಾಲಿಗೆ ತನ್ನ ದನಿ ತನಗೇ ಕೇಳಿಸಿ, ಅಯ್ಯೋ ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆ ಅಯ್ಯೋ ಕೂಡ ಕೇರಿಗೆಲ್ಲ ಕೇಳಿಸಿತು. ಮಗಳು ಹಸೆಯ ಮೇಲೆ ತಲೆ ತಗ್ಗಿಸಿಕೊಂಡೇ ನಕ್ಕಳು. ಆಮೇಲೆ ತಾಯಿ ನಿಲ್ಲಿಸಲಿಲ್ಲ. ಒಡೆದ ಗಂಟಲು ಒಡೆದಂತೆಯೇ ಕೇಳುತ್ತಿತ್ತು. ಯಾರಿಗೂ ಅದು ಬೇಡವೆನಿಸಲಿಲ್ಲ. ಕೇರಿಯ ಕೊನೆಯ ಮನೆಯಲ್ಲಿ ಬಾಣಂತಿಯೊಬ್ಬಳು ಮದುವೆಗೆ ಬರಲಾಗದೆ ಮಲಗಿದ್ದಳು. ಅವಳು ಅಲ್ಲಿಂದಲೇ ಸೊಲ್ಲು ಎತ್ತಿದಳಂತೆ, ಮಗುವಿಗೆ ಎಚ್ಚರವಾಗುವಷ್ಟು ಜೋರಾಗಿ.

ಹೂವಿನವಳಾದ ಮೇಲೆ ಇನ್ನೊಬ್ಬಳು, ಆಮೇಲೆ ಮತ್ತೊಬ್ಬಳು. ಬೀಗರ ಕಡೆಯವರೂ ಬಿಡಲಿಲ್ಲ. ಪೆಟ್ಟಿಗೆ ಮಧ್ಯಾಹ್ನಕ್ಕಿಂತ ಬಿಸಿಯಾಯಿತು. ಟಾಂಗಾದವನು ಪಕ್ಕದಲ್ಲಿ ಕೂತು ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದ. ತಂತಿ ಮುಟ್ಟಲಿಲ್ಲ. ಪೆಟ್ಟಿಗೆಗೆ ಏನೂ ಆಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ನಾನು ಗವಿಗೆ ಹೋಗಬಾರದೆ, ಬುದ್ಧಿ?"

"ಧಾರಾಳವಾಗಿ ಹೋಗು ಮರಿದೇವ, ಆದರೆ ಹಾಡು ನಿಲ್ಲಿಸಿ ಹೋಗು. ಒಳಗೆ ಹಾಡು ಬರುತ್ತಲೇ ಇದ್ದರೆ, ಅದು ಹೊರಗೆ ಹೋಗಲು ಕೇಳುವವರು ಬೇಕು."