ಶತ್ರುವನ್ನು ಮರೆತ ಬಾಂಬು

ಗಡಿನಾಡಿನ ಹೊಲವೊಂದರ ಅಡಿಯಲ್ಲಿ ಬಿಲ ತೋಡುತ್ತಿದ್ದ ಹೆಗ್ಗಣದ ಮೂತಿ ಕಬ್ಬಿಣಕ್ಕೆ ತಗುಲಿತು. ಅದು ಹಳೆಯ ಯುದ್ಧದಲ್ಲಿ ವಿಮಾನದಿಂದ ಬಿದ್ದು, ಸಿಡಿಯದೆ ಹೂತುಹೋಗಿದ್ದ ಬಾಂಬು.

“ಯಾರಯ್ಯ ನೀನು? ದಾರಿ ಬಿಡು,” ಎಂದಿತು ಹೆಗ್ಗಣ.

“ದೂರ ನಿಲ್ಲು! ನನ್ನ ಹೊಟ್ಟೆಯಲ್ಲಿ ಐವತ್ತು ವರ್ಷದ ಸಿಟ್ಟಿದೆ. ಶತ್ರುವನ್ನು ಸುಡದೆ ಬಿಡೆನು,” ಎಂದಿತು ಬಾಂಬು.

“ನಿನ್ನ ಶತ್ರು ಯಾರು?”

ಬಾಂಬು ಬಹಳ ಹೊತ್ತು ಯೋಚಿಸಿತು. “ಮರೆತುಹೋಗಿದೆ. ಮೊದಲು ಯಾರು ಬಡಿಯುತ್ತಾರೋ ಅವರೇ.”

ಅಷ್ಟರಲ್ಲಿ ಮೇಲೆ ರೈತನು ಉಳಲು ಬಂದ ಸದ್ದಾಯಿತು. ನೇಗಿಲು ಬಡಿದರೆ ಅವನೇ ಶತ್ರುವಾಗುತ್ತಾನೆಂದು ಹೆಗ್ಗಣಕ್ಕೆ ಹೊಳೆಯಿತು. ಮನುಷ್ಯನ ನೆರಳು ಕಂಡರೂ ಓಡುತ್ತಿದ್ದ ಅದು, ಬಾಂಬಿನ ಬಾಲ ಕಾಣುವಷ್ಟು ಮಣ್ಣನ್ನು ಮೆಲ್ಲಗೆ ಸರಿಸಿ, ನೆಟ್ಟಗೆ ಎತ್ತುಗಳ ಎದುರಿಗೇ ಹೋಗಿ ನಿಂತುಬಿಟ್ಟಿತು.

ಎತ್ತುಗಳು ಬೆದರಿ ನಿಂತವು. ರೈತನು ಕೋಲೆತ್ತಿಕೊಂಡು ಬಂದವನು ಕಬ್ಬಿಣವನ್ನು ಕಂಡು, “ಅಯ್ಯಯ್ಯೋ, ಬಾಂಬು!” ಎಂದು ಎತ್ತುಗಳನ್ನು ಅಟ್ಟಿಕೊಂಡು ಓಡಿದನು. ಹೆಗ್ಗಣವೂ ಅವನ ಹಿಂದೆಯೇ ಓಡಿತು.

ಸಂಜೆಯೊಳಗೆ ಸೈನಿಕರು ಬಂದು, ಬಾಂಬಿನ ಮದ್ದನ್ನೆಲ್ಲ ಜೋಪಾನವಾಗಿ ಹೊರತೆಗೆದು, ಬರಿದಾದ ಕೊಳವೆಯನ್ನು ಜೀಪಿಗೆ ಹಾಕಿಕೊಂಡರು. ಜೀಪು ಬದುವಿನ ಮೇಲೆ ಕುಲುಕಿದಾಗ ಆ ಕೊಳವೆ ಗಂಟೆಯಂತೆ ಠಣ್ಣೆಂದಿತು.

“ಅರೆ, ನನಗೆ ಇಂಥ ದನಿಯೂ ಇತ್ತೇ!” ಎಂದು ಬಾಂಬು ದಾರಿಯುದ್ದಕ್ಕೂ ಹಿಗ್ಗಿ ಹಿಗ್ಗಿ ಠಣಗುಟ್ಟಿತು.