ಸಪ್ಪೆ ದಿನದ ಲೆಕ್ಕ

ಶಿಷ್ಯ ಕೇಳಿದ: "ಗುರುಗಳೇ, ಒಳ್ಳೆಯದಾದ ದಿನ ಕೈಮುಗಿಯುತ್ತೇನೆ. ಕೆಟ್ಟದ್ದು ತಪ್ಪಿದ ದಿನವೂ ಕೈಮುಗಿಯುತ್ತೇನೆ. ಏನೂ ಆಗದ ಸಪ್ಪೆ ದಿನಗಳೇ ಹೆಚ್ಚು. ಆ ದಿನ ಯಾರಿಗೆ ಕೈಮುಗಿಯಲಿ?"

ಗುರುಗಳು ಹೇಳಿದರು:

ಒಂದು ಸಕ್ಕರೆ ಕಾರ್ಖಾನೆಯಲ್ಲಿ ಯಮನೂರಪ್ಪ ಎಂಬ ಕೆಲಸಗಾರನಿದ್ದ. ಕಬ್ಬಿನ ರಸ ಕಾಯಿಸುವ ಕೊಳವೆಗಳ ಒಳಗೆ ಕಲ್ಲಿನಂಥ ಪದರ ಕಟ್ಟುತ್ತದೆ. ಯಂತ್ರದಿಂದ ಭಾರೀ ಒತ್ತಡದಲ್ಲಿ ನೀರು ಚಿಮ್ಮಿಸಿ ಅದನ್ನು ಕೀಳುವುದು ಅವನ ಕೆಲಸ. ಆ ನೀರಿಗೆ ಕೈಯೊಡ್ಡಿದರೆ ಕೈ ಉಳಿಯುವುದಿಲ್ಲ.

ಯಂತ್ರದ ಆರೈಕೆ ದಾವಲಸಾಬನದು. ಅವನು ವಯಸ್ಸಾದವನು. ದಿನವೂ ಬೆಳಿಗ್ಗೆ ಒತ್ತಡವನ್ನೆಲ್ಲ ಇಳಿಸಿ, ಪಂಪಿನ ಎಣ್ಣೆ ನೋಡಿ, ನೀರು ಸೋಸುವ ಜಾಲರಿ ತೊಳೆದು, ನೀರು ಚಿಮ್ಮಿಸುವ ರಬ್ಬರ್ ಪೈಪನ್ನು ಗೇಣು ಗೇಣಾಗಿ ಬಾಗಿಸಿ ನೋಡುತ್ತಿದ್ದ. ಅರ್ಧ ಗಂಟೆ ಹಿಡಿಯುತ್ತಿತ್ತು. ಯಮನೂರಪ್ಪ ಅಷ್ಟು ಹೊತ್ತೂ ಗೊಣಗುತ್ತ ನಿಂತಿರುತ್ತಿದ್ದ. ಹೀಗೆ ಹನ್ನೊಂದು ವರ್ಷ ಕಳೆಯಿತು.

ಒಂದು ದಿನ ದಾವಲಸಾಬನ ಬೆರಳು ಪೈಪಿನ ಒಂದು ಕಡೆ ನಿಂತಿತು. ಹುಣಸೆ ಬೀಜದಷ್ಟು ಉಬ್ಬು. ಅವನು ಪೈಪು ಕಳಚಿಟ್ಟು, ಹೊಸದು ಬರುವವರೆಗೆ ಕೆಲಸ ಬೇಡ ಎಂದ. ಹೊಸದು ಪಟ್ಟಣದಿಂದ ಬರಬೇಕು, ಸಂಜೆಯಾಗುತ್ತದೆ. ಅತ್ತ ಕಬ್ಬಿನ ಗಾಡಿಗಳು ಸಾಲುಗಟ್ಟಿದ್ದವು, ಮೇಲಿನವರು ಎರಡು ಸಲ ಹೇಳಿ ಕಳಿಸಿದ್ದರು. ಯಮನೂರಪ್ಪನ ತಾಳ್ಮೆ ಕೆಟ್ಟಿತು.

"ಕಾಕಾ, ನಿನ್ನೆ ಇಡೀ ದಿನ ನಾನು ಇದೇ ಪೈಪು ಹಿಡಿದಿದ್ದೆ. ಏನಾಯಿತು?"

ದಾವಲಸಾಬ ಗರಗಸ ತಂದು ಉಬ್ಬಿದ್ದ ಕಡೆ ಪೈಪನ್ನು ಸೀಳಿದ. ಒಳಗೆ ಹೆಣೆದಿದ್ದ ಉಕ್ಕಿನ ತಂತಿಗಳು ತುಂಡಾಗಿದ್ದವು. ತುಕ್ಕು ಪುಡಿಪುಡಿಯಾಗಿ ನೆಲಕ್ಕೆ ಉದುರಿತು. ಯಂತ್ರ ಚಾಲೂ ಮಾಡಿದ್ದರೆ ಹೊರಗಿನ ತೆಳು ರಬ್ಬರ್ ಒಂದೇ ನೀರನ್ನು ತಡೆಯಬೇಕಿತ್ತು.

ಪೈಪಿನ ಆ ಜಾಗ ಕೆಲಸದ ಹೊತ್ತಿನಲ್ಲಿ ಎಲ್ಲಿರುತ್ತದೆ ಎಂದು ಯಮನೂರಪ್ಪನಿಗೆ ಯಾರೂ ಹೇಳಬೇಕಿರಲಿಲ್ಲ. ದಿನವೂ ಅದು ಅವನ ತೊಡೆಗೆ ಒರಗಿಕೊಂಡಿರುತ್ತಿತ್ತು. ಅವನು ಅಲ್ಲೇ ಕುಳಿತುಬಿಟ್ಟ. ಆಮೇಲೆ ಎದ್ದು, ದಾವಲಸಾಬನ ಎಣ್ಣೆಗೈಗಳನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡ. ಇಷ್ಟು ವರ್ಷ ಗೊಣಗಿದ್ದಕ್ಕೆ ಕ್ಷಮೆ ಕೇಳಿದ.

ದಾವಲಸಾಬ ಹೇಳಿದ: "ನೀನು ಗೊಣಗಿದೆ ನಿಜ. ಆದರೆ ನಾನು ಹೂಂ ಎನ್ನುವ ಮುಂಚೆ ಒಂದು ದಿನವೂ ಯಂತ್ರ ಚಾಲೂ ಮಾಡಲಿಲ್ಲ. ನೀನು ಹಾಗೆ ಕಾಯದಿದ್ದರೆ ನನ್ನ ಕೆಲಸಕ್ಕೆ ಏನು ಅರ್ಥವಿತ್ತು, ತಮ್ಮಾ? ಕೈಮುಗಿಯುವುದಾದರೆ ನಾನೂ ನಿನಗೆ ಕೈಮುಗಿಯಬೇಕು."

ಸಂಜೆ ಹೊಸ ಪೈಪು ಬಂತು. ಇಬ್ಬರೂ ಸೇರಿ ಅದನ್ನು ಗೇಣು ಗೇಣಾಗಿ ಬಾಗಿಸಿ ನೋಡಿ ಜೋಡಿಸಿದರು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು. ಆ ಮುದುಕ ಆ ದಿನ ಯಮನೂರಪ್ಪನ ಜೀವ ಉಳಿಸಿದ ಎಂದ.

ಗುರುಗಳು ಹೇಳಿದರು: "ಸಪ್ಪೆ ದಿನಗಳಲ್ಲೂ ಉಳಿಸುತ್ತಲೇ ಇದ್ದ. ಯಮನೂರಪ್ಪನಿಗೆ ಗೊತ್ತಾದದ್ದು ಆ ಒಂದು ದಿನ ಮಾತ್ರ."